ಡೊಂಕು ಕೊಂಬಿನ ಬಸವ

ಕುಂಚ ತೊಳೆಯಲು ಟರ್ಪೆಂಟೈನ್ ಡಬ್ಬಿ ತೆರೆದೆ. ಆ ವಾಸನೆಗೆ ಮದ್ದೂರಿನ ನಮ್ಮ ಅಂಗಳ ಕಣ್ಮುಂದೆ ಬಂತು. ಅಪ್ಪ ಟ್ರ್ಯಾಕ್ಟರ್ ಟ್ರೈಲರುಗಳ ಹಿಂದೆ ಚಿತ್ರ ಬರೆಯುತ್ತಿದ್ದರು.

ಒಂದು ಸೋಮವಾರ ಬೆಸಗರಹಳ್ಳಿಯ ರೈತರೊಬ್ಬರು, ಅಪ್ಪ ಬರೆದ ತಮ್ಮ ಎತ್ತಿನ ಚಿತ್ರ ನೋಡಿ, "ಇದು ನಮ್ ಬಸವ ಅಲ್ಲ ಕಣಯ್ಯ, ಕ್ಯಾಲೆಂಡರ್ ಎತ್ತು. ಅಳಿಸ್ಬುಡು" ಅಂದರು.

ಎರಡು ದಿನ ಅಪ್ಪ ಕುಂಚ ಮುಟ್ಟಲಿಲ್ಲ. ಗುರುವಾರ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಆ ರೈತರ ಕೊಟ್ಟಿಗೆಗೆ ಹೋದರು. ಸಂಜೆತನಕ ಬಸವನನ್ನೇ ನೋಡುತ್ತಾ ಕೂತರು. ಅದರ ಒಂದು ಕೊಂಬು ಡೊಂಕಾಗಿತ್ತು.

ಶನಿವಾರ ರೈತರು ಬಂದು ಹೊಸ ಚಿತ್ರದ ಡೊಂಕು ಕೊಂಬು ನೋಡಿದರು. ಅಪ್ಪ "ಬಣ್ಣ ಇನ್ನೂ ಅಸಿ ಕಣಣ್ಣೋ!" ಅನ್ನುವಷ್ಟರಲ್ಲಿ ಅವರು ಚಿತ್ರದ ಬಸವನ ಹಣೆಗೆ ಕುಂಕುಮ ಇಟ್ಟೇಬಿಟ್ಟರು.

ಇವತ್ತು ನಾನು ಬರೆದ ಚಿತ್ರವೂ ಬೇಡವೆಂದು ವಾಪಸ್ಸು ಬಂದಿದೆ.

"ಬೇಜಾರಾ ಅಮ್ಮಾ?" ಅಂದಳು ಮಗಳು.

"ಊಂ ಕಣಮ್ಮ. ಆದ್ರೆ ಇವತ್ತಿನ್ನೂ ಮಂಗಳವಾರ. ಗುರುವಾರ ಬರ್ಲಿ."