ಮೆರುಗು ಬಳಿದ ಸೌಟುಗಳು

ಚನ್ನರಾಯಪಟ್ಟಣದ ಬಡಗಿ ನಂಜಯ್ಯನ ಹೆಂಡತಿ ಮುದ್ದಮ್ಮನ ಸಿಟ್ಟಿನ ಬಗ್ಗೆ ಊರಿನವರು ನಗುತ್ತಾ ಮಾತಾಡುತ್ತಿದ್ದರು. ಆ ಸಿಟ್ಟಿಗೆ ಕಾರಣವಿತ್ತೆಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ನಂಜಯ್ಯ ಹುಣಸೆ ಮರದಲ್ಲಿ ಸೌಟು, ಮರಿಗೆ, ಮುದ್ದೆ ಕೋಲು ಕೆತ್ತುತ್ತಿದ್ದ. ಅವಕ್ಕೆ ಎಣ್ಣೆ ಕುಡಿಸುವುದು ಮುದ್ದಮ್ಮನ ಕೆಲಸ. ಊರ ತುಂಬ ತೆಂಗಿದ್ದರೂ ಕೊಬ್ಬರಿ ಎಣ್ಣೆಯನ್ನು ಅವಳು ಬಳಸುತ್ತಿರಲಿಲ್ಲ. ಮರದೊಳಗೆ ಅದು ಕಮಟು ಹಿಡಿಯುತ್ತದೆ. ಹೊಂಗೆ ಎಣ್ಣೆ ಕಹಿ. ಗಾಣದಿಂದ ತಂದ ಹಸಿ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿ, ಬಿಸಿಲಲ್ಲಿ ಒಣಗಿಸಿ, ಮತ್ತೆ ಒರೆಸಿ, ಮತ್ತೆ ಒಣಗಿಸುವಳು. ಅಂಗೈಗೆ ಜಿಡ್ಡು ಹತ್ತದಂತಾದ ಮೇಲೇ ಸೌಟು ಮನೆಯಿಂದ ಹೊರಬೀಳುತ್ತಿತ್ತು. ಕೆಲವು ಮನೆಗಳಿಗೆ ಕೊನೆಗೊಮ್ಮೆ ಜೇನುಮೇಣವನ್ನೂ ತಿಕ್ಕುತ್ತಿದ್ದಳು. ಜೈನರ ಮನೆಗೆ ಅದು ಆಗದು. ಜೇನನ್ನೇ ಮುಟ್ಟದವರ ಅಡುಗೆಗೆ ಜೇನಿನ ಮೇಣ ಕೊಡುವುದುಂಟೆ? ಶ್ರವಣಬೆಳಗೊಳದ ಪದ್ಮಾವತಮ್ಮ ಅವಳನ್ನು ನಂಬಿ ವರ್ಷಗಳಿಂದ ಇವರ ಸೌಟನ್ನೇ ಬಳಸುತ್ತಿದ್ದರು.

೧೯೪೦ರಲ್ಲಿ ಬೆಳಗೊಳದ ಮಹಾಮಸ್ತಕಾಭಿಷೇಕ ಹತ್ತಿರವಾಯಿತು. ಯಾತ್ರಿಕರಿಗೆ ಅಡುಗೆ ಮಾಡುವ ಮನೆಗಳಿಗೆಲ್ಲ ದೊಡ್ಡ ಸೌಟುಗಳು ಬೇಕಾದವು. ಪೇಟೆಯ ಪಾತ್ರೆ ವ್ಯಾಪಾರಿ ಪಾಲಾಕ್ಷ ನಂಜಯ್ಯನಿಗೆ ಒಂದು ಗಾಡಿ ಸೌಟು ಮಾಡಲು ಹೇಳಿದ. ಅದೇ ಹೊತ್ತಿಗೆ ಮುದ್ದಮ್ಮ ತಂಗಿಯ ಬಾಣಂತನಕ್ಕೆ ಹಿರೀಸಾವೆಗೆ ಹೊರಟಳು.

"ಎಣ್ಣೆ ಒಣಗ್ದೆ ಒಂದ್ ಸೌಟೂ ಆಚ್ಗೆ ಓಗ್ಕೂಡ್ದು," ಎಂದು ಗಂಡನಿಗೆ ಹೇಳಿಯೇ ಹೋದಳು.

ಅವಳು ಅತ್ತ ಹೋದದ್ದೇ ಪಾಲಾಕ್ಷ ಇತ್ತ ಒಂದು ಡಬ್ಬಿ ತಂದಿಟ್ಟ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ, ಕುರ್ಚಿ ಮೇಜಿಗೆ ಹಚ್ಚುವ ಪಾಲಿಶ್ ಅದು.

"ನಿನ್ನೆಂಡ್ರ ಎಣ್ಣೆ ಒಣಗೋವತ್ಗೆ ಅಭಿಷೇಕವೇ ಮುಗ್ದೋಯ್ತದೆ ಕಣಯ್ಯ. ಇದ್ನ ಬಳಿ, ಚಣದಲ್ಲಿ ಒಣಗ್ತದೆ."

ನಂಜಯ್ಯ ಬಳಿದ. ಸೌಟುಗಳು ಕನ್ನಡಿಯಂತೆ ಹೊಳೆದವು. ಗಾಡಿ ಬೆಳಗೊಳಕ್ಕೆ ಹೋಯಿತು.

ಮುದ್ದಮ್ಮ ವಾಪಸು ಬಂದ ಮರುದಿನವೇ ಪದ್ಮಾವತಮ್ಮನ ಕಮಾನುಗಾಡಿ ಅವರ ಬಾಗಿಲಿಗೆ ಬಂತು. ಆಕೆ ಒಂದು ಸೌಟನ್ನು ಜಗಲಿಯ ಮೇಲಿಟ್ಟರು. ಅದರ ಬಾಯಿ ಬೆಳ್ಳಗೆ ಬಿಳಿಚಿ, ಸಿಪ್ಪೆ ಎದ್ದು ನೇತಾಡುತ್ತಿತ್ತು.

"ಬಿಸಿ ತೊವ್ವೆಯಲ್ಲಿ ಆಡಿಸಿದ್ದೇ ತಡ, ಇದರ ಸಿಪ್ಪೆ ಹಂಡೆ ತುಂಬ ತೇಲಿತು ಮುದ್ದಮ್ಮ. ಚೆಲ್ಲಿ ಮತ್ತೆ ಮಾಡೋವಷ್ಟರಲ್ಲಿ ಹೊತ್ತು ಮುಳುಗಿತು. ಆಮೇಲೆ ನಾವು ತಿನ್ನೋದಿಲ್ಲ ಅಂತ ನಿನಗೆ ಗೊತ್ತಲ್ಲ? ಉಪವಾಸ ಮುಗಿಸಬೇಕಿದ್ದ ಮುದುಕಿಯರು ಹಾಗೇ ಮಲಗಿದರು. ಇದು ಅರಗಂತೆ. ಹುಳದಿಂದ ಬರೋ ಅರಗು! ನಮ್ಮ ಅಡುಗೆಗೆ ಇದನ್ನ ಕೊಟ್ಟೆಯಾ?"

ಮುದ್ದಮ್ಮ ಗಂಡನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ, "ಪಾಲಾಕ್ಷ ಡಬ್ಬಿ ತಂದ್ಕೊಟ್ಟ," ಎಂದ. ಅಷ್ಟು ಸಾಕಾಯಿತು.

ಆ ಸೌಟನ್ನೂ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಯನ್ನೂ ಎತ್ತಿಕೊಂಡು ಅವಳು ಪೇಟೆಗೆ ನಡೆದಳು. ಬಿಸಿನೀರು ತುಳುಕಿ ಕಾಲಿನ ಮೇಲೆ ಬಿದ್ದರೂ ನಿಲ್ಲಲಿಲ್ಲ. ಅಂಗಡಿಯ ಮುಂದೆ ಪಾತ್ರೆ ಕುಕ್ಕಿ, ಸೌಟನ್ನು ಅದರೊಳಗೆ ತಿರುವಿದಳು. ನೀರು ಮಬ್ಬಾಯಿತು, ಪಾಲಿಶ್ ವಾಸನೆ ಎದ್ದಿತು. ಕಾಯಿ ವ್ಯಾಪಾರಕ್ಕೆ ಬಂದಿದ್ದವರೆಲ್ಲ ಸುತ್ತ ನೆರೆದರು.

"ಕುಡಿ ಕಣ್ಲಾ ಪಾಲಾಕ್ಷ," ಎಂದಳು.

"ಉಚ್ಚಿಡೀತಾ ನಿಂಗೆ? ಬಳ್ದೋನು ನಿನ್ ಗಂಡ. ಅವನ್ನ ಕೇಳೋಗು."

"ಅವನ್ಗೂ ಐತೆ. ಮದ್ಲು ನೀನ್ ಕುಡಿ. ಉಪಾಸ ಇದ್ದ ಮುದುಕೀರ್ಗೆ ಉಣ್ಣಾಕಿಕ್ಕಿದ್ಯಲ್ಲ, ನಿನ್ ಬಾಯ್ಗೇನಾಗೈತೆ?"

ಪಾಲಾಕ್ಷ ಕುಡಿಯಲಿಲ್ಲ, ಗಲ್ಲಾದ ಹಿಂದಕ್ಕೆ ಸರಿದ. ಅಂಗಡಿಯಲ್ಲಿ ಉಳಿದು ಹೊಳೆಯುತ್ತಿದ್ದ ಸೌಟುಗಳನ್ನೆಲ್ಲ ಮುದ್ದಮ್ಮ ಬೀದಿಗೆ ಎಸೆದಳು. ಯಾರೂ ತಡೆಯಲಿಲ್ಲ.

ಮನೆಗೆ ಬಂದಾಗ ನಂಜಯ್ಯ ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದ. ಅವಳು ಬೈಯಲಿಲ್ಲ. "ಏಳು, ಗಾಡಿ ಕಟ್ಟು," ಎಂದಳಷ್ಟೆ. ಇಬ್ಬರೂ ಬೆಳಗೊಳದಲ್ಲಿ ಮನೆ ಮನೆ ತಿರುಗಿದರು. ಪ್ರತಿ ಬಾಗಿಲಲ್ಲೂ "ಏನ್ ಬಳ್ದೆ ಅಂತ ನೀನೇ ಏಳು" ಎಂದು ಗಂಡನನ್ನು ಮುಂದೆ ನಿಲ್ಲಿಸಿದಳು. ಅವನು ಹೇಳಿದ. ಕೆಲವರು ಬೈದರು; ಒಬ್ಬಾಕೆ ಸೌಟನ್ನು ಅವನ ಕಾಲ ಬಳಿ ಬಿಸುಟಳು. ವಾಪಸು ತಂದ ಸೌಟುಗಳನ್ನೆಲ್ಲ ಮುದ್ದಮ್ಮ ಹಿತ್ತಿಲಲ್ಲಿ ಸುಟ್ಟಳು.

ಬೇಸಿಗೆಯಲ್ಲಿ, ಎಣ್ಣೆ ಚೆನ್ನಾಗಿ ಕುಡಿದು ಒಣಗಿದ ಹೊಸ ಸೌಟು ಹಿಡಿದು ಗಂಡನ ಜೊತೆ ಪದ್ಮಾವತಮ್ಮನ ಮನೆಗೆ ಹೋದಳು. ಆಕೆ ಕೂರಿಸಿದರು, ಮಜ್ಜಿಗೆ ಕೊಟ್ಟರು. ಸೌಟನ್ನು ಮಾತ್ರ ಮುಟ್ಟಲಿಲ್ಲ.

"ನಿನ್ನ ತಪ್ಪಲ್ಲ, ಗೊತ್ತು. ಆದರೆ ಇನ್ನು ಮರದ ಸೌಟು ಹಿಡಿದಾಗೆಲ್ಲ ಇದರೊಳಗೇನಿದೆಯೋ ಅನ್ನಿಸುತ್ತೆ. ಹಿತ್ತಾಳೆಯದು ತಂದುಕೊಂಡೆವು."

ವಾಪಸು ಬರುವ ದಾರಿಯಲ್ಲಿ ನಂಜಯ್ಯ ಮೆಲ್ಲಗೆ, "ಓಗ್ಲಿ ಬಿಡು, ಜನ ಮರ್ತೋಯ್ತಾರೆ," ಎಂದ.

ಮುದ್ದಮ್ಮ ನಡುರಸ್ತೆಯಲ್ಲೇ ನಿಂತಳು. "ಅವ್ರು ಮರೀಲಿ. ನೀನ್ ಮರ್ತೀಯಾ ಅಂದ್ರೆ ನಿನ್ ಉಳಿ ನಾನೇ ಬಾವಿಗಾಕ್ತೀನಿ."

ಆಮೇಲೆ ಪಾಲಾಕ್ಷನ ಅಂಗಡಿಗೆ ಆ ಮನೆಯಿಂದ ಒಂದು ಸೌಟೂ ಹೋಗಲಿಲ್ಲ. ಕೆಲವು ಹಳೆಯ ಮನೆಗಳು ಮತ್ತೆ ಕೊಂಡವು, ಹಲವು ಕೊಳ್ಳಲಿಲ್ಲ. ಅವಳು ಎಣ್ಣೆ ಒರೆಸುವಾಗ ನಂಜಯ್ಯ ಹತ್ತಿರ ಕೂತು ಬಿಸಿಲಿಗೆ ಸೌಟು ತಿರುವಿ ಹಾಕುವುದನ್ನು ರೂಢಿ ಮಾಡಿಕೊಂಡ.