ಹುಲಿಗೆಮ್ಮನ ಒಂದು ಮಡಿಲು ತರಕಾರಿ

ಹುಲಿಗೆಮ್ಮನಿಗೆ ಒಂದು ಮಡಿಲು ತರಕಾರಿ ಇನ್ನೂ ಬರಬೇಕು. ಎಪ್ಪತ್ನಾಲ್ಕನೇ ಇಸವಿಯ ಯುಗಾದಿಯ ಬಾಕಿ ಅದು.

ಮಾರಿಕಣಿವೆ ನಾಲೆಯ ಕೆಳಗೆ ಹಾಲಸ್ವಾಮಿಯ ತೋಟ; ಹುಲಿಗೆಮ್ಮ ಅಲ್ಲಿ ಕೂಲಿಯವಳು. ಕಳೆ ಕಿತ್ತ ಹೆಂಗಸರಿಗೆ ಹಬ್ಬದ ಹಿಂದಿನ ದಿನ ಮೊದಲ ಕೊಯ್ಲಿನಿಂದ ಮಡಿಲು ತುಂಬುವುದು ಅಲ್ಲಿಯ ಪದ್ಧತಿ. ದಂಟಿನ ಸೊಪ್ಪು, ಎಳೆ ಬದನೆ, ಹೀರೆಕಾಯಿ. ಅದನ್ನು ಬೇಯಿಸಿ ಬಸಿದು, ಆ ಬಸಿದ ನೀರಿಗೆ ಖಾರ ಅರೆದು ಹಾಕಿದ ಬಸ್ಸಾರೇ ಕೇರಿಯ ಯುಗಾದಿ.

ಆ ವರ್ಷ ಕೊಯ್ದಿದ್ದೆಲ್ಲ ಚಿತ್ರದುರ್ಗದ ಲಾರಿ ಹತ್ತಿತು. ಹಾಲಸ್ವಾಮಿ ಚಿಲ್ಲರೆ ಹಿಡಿದು ಬಂದ.

"ತಗಳಮ್ಮ, ಸಂತೇಲಿ ಕೊಂಡು ಬೇಯಿಸ್ಕ."

"ನಾನು ಬೆಳೆದದ್ದನ್ನ ನಾನೇ ಕೊಳ್ಳಬೇಕೇನಪ್ಪ?"

ಒಂದು ಸಲ ಚಿಲ್ಲರೆಗೆ ಕೈಯೊಡ್ಡಿದರೆ ಮಡಿಲಿನ ಪದ್ಧತಿ ಅಲ್ಲಿಗೆ ಮುಗೀತು ಅಂತ ಅವಳಿಗೆ ಗೊತ್ತಿತ್ತು. ಮನೆಯಿಂದ ಮಡಕೆ ತಂದಳು. ಲಾರಿಯ ಮುಂದೆ ಮೂರು ಕಲ್ಲು ಹೂಡಿ, ಬರೀ ನೀರು ಕುದಿಯಲಿಟ್ಟಳು.

ಡ್ರೈವರ್ ಕೂಗಿದ, "ಏನಮ್ಮ, ಒಲೆ ಹೂಡಾಕೆ ಬೇರೆ ಜಾಗ ಸಿಗಲಿಲ್ವಾ?"

"ಸೊಪ್ಪು ನಿನ್ನ ಲಾರೀಲೈತಲ್ಲಪ್ಪ, ಒಲೆ ಇನ್ನೆಲ್ಲಿಡ್ಲಿ?"

ಜೊತೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಆದರೆ ಅವಳ ಪಕ್ಕ ಯಾರೂ ಬಂದು ಕೂರಲಿಲ್ಲ, ಚಿಲ್ಲರೆ ಇಸಕೊಂಡು ಮನೆಗೆ ಹೋದರು. ಲಾರಿ ಹಿಂದಕ್ಕೆ ಸರಿದು ನಾಲೆಯ ಏರಿ ಹಿಡಿದು ಹೋಯಿತು. ಹುಲಿಗೆಮ್ಮ ಆ ಹಬ್ಬಕ್ಕೆ ಬಿಸಿನೀರಿಗೆ ಉಪ್ಪು ಖಾರ ಕದಡಿಕೊಂಡು ಮುದ್ದೆ ನುಂಗಿದಳು. ಮುಂದಿನ ವರ್ಷದಿಂದ ಯಾರ ಮಡಿಲೂ ತುಂಬಲಿಲ್ಲ.

ಆ ಲಾರಿಯ ತರಕಾರಿ ಉಂಡವರು ಪೇಟೆಯ ನೀವೇ. ಈ ಯುಗಾದಿಗೆ ನಿಮ್ಮ ಒಲೆ ಮೇಲೆ ಬಸ್ಸಾರು ಏರುವ ಮೊದಲು, ಹೋಗಿ ಬೆಳೆದವಳ ಮಡಿಲು ತುಂಬಿ ಬನ್ನಿ.