ಪುಟದ ಮೇಲಿನ ಸಾಲು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಆ ವಾರವೆಲ್ಲ ಅದು ಅಲ್ಲೇ ಕುಳಿತಿದ್ದಕ್ಕೆ ಕಾರಣ ನನ್ನ ಅಕ್ಕನ ಮಗಳ ಟ್ಯಾಬು.

ಹುಡುಗಿ ಚಿಮ್ಮನಚೋಡದವಳು. ಬಿ.ಎಸ್ಸಿ. ಓದಲೆಂದು ವಾಡಿಯ ನಮ್ಮ ಮನೆಯಲ್ಲಿದ್ದು, ದಿನಾ ರೈಲಿನಲ್ಲಿ ಕಲಬುರಗಿಗೆ ಹೋಗಿ ಬರುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಗಣಿತವೊಂದು ಹೋಯಿತು. ಊರ ಶಾಲೆಯಲ್ಲಿ ಲೆಕ್ಕಕ್ಕೆ ಯಾವಾಗಲೂ ಮುಂದಿದ್ದವಳು ಮಂಕಾಗಿಬಿಟ್ಟಳು.

"ಈ ಸಲನೂ ಆಗಲಿಲ್ಲಂದ್ರ ಗಣಿತ ಬಿಟ್ಟೇಬಿಡ್ತೀನಿ ಮಾಮಾ," ಎಂದಳು. ಲೆಕ್ಕ ಅಂದರೆ ಅವಳಿಗೆ ಎಷ್ಟು ಜೀವ ಎಂದು ನನಗೆ ಗೊತ್ತಿತ್ತು.

ಅವಳು ಬರೆದು ಬರೆದೇ ಕಲಿಯುವವಳು. ಆದರೆ ಗಾಡಿಯಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಶಹಾಬಾದಿನಲ್ಲಿ ಇನ್ನಷ್ಟು ಜನ ಹತ್ತಿದ ಮೇಲೆ ನೋಟುಬುಕ್ಕು ಬಿಚ್ಚುವ ಮಾತೇ ಇಲ್ಲ. ಅದಕ್ಕೇ ಟ್ಯಾಬಿನಲ್ಲಿ ಪೆನ್ನಿನಿಂದ ಬರೆದದ್ದು ಗಾಡಿಯಲ್ಲಿ ಅವಳ ಮೊಬೈಲಿನಲ್ಲಿ ಕಾಣಬೇಕು, ಮನೆಯ ಹಳೆ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೆರೆದು ತಿದ್ದಲೂ ಬರಬೇಕು. ಮೂರೂ ಬೇರೆ ಬೇರೆ ಕಂಪನಿಯವು, ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ, ಮೂರರಲ್ಲೂ ನಡೆಯುವ ಆ್ಯಪ್ ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು.

ಒಂದರಲ್ಲಿ ಅಕ್ಷರ ಮುತ್ತಿನಂತೆ ಬೀಳುತ್ತಿತ್ತು, ಲ್ಯಾಪ್‌ಟಾಪಿಗೆ ಬಂದರೆ ಬರೀ ಚಿತ್ರ, ತಿದ್ದುವಂತಿಲ್ಲ. ಇನ್ನೊಂದು ಎಲ್ಲ ಕಡೆ ತೆರೆಯುತ್ತಿತ್ತು, ಆದರೆ ಬರೆಯುವಾಗ ಅಂಗೈ ತಗಲಿದರೆ ಸಾಕು, ಪುಟದ ತುಂಬ ಗೀರು. ಮತ್ತೊಂದರಲ್ಲಿ ಸಂಜೆ ಬರೆದದ್ದು ಮರುದಿನ ಗಾಡಿ ಹತ್ತುವಾಗಲೂ ಮೊಬೈಲಿಗೆ ಬಂದಿರಲಿಲ್ಲ. ಹಾಳಾಗಿ ಹೋಗಲಿ ಎಂದು ಅದನ್ನೂ ಕಿತ್ತುಹಾಕಿದೆ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕೊನೆಗೊಂದು ಎಲ್ಲಕ್ಕೂ ಸೈ ಎನಿಸಿಕೊಂಡಿತು. ನಾನು ಎರಡು ದಿನ ಮೀಸೆ ತಿರುವಿಕೊಂಡು ಓಡಾಡಿದೆ.

ಮೂರನೆಯ ದಿನ ಗಾಡಿಯಿಂದ ಫೋನು. "ಮಾಮಾ, ಎಲ್ಲಾ ಪಾಠನೂ ಒಂದೇ ಹೆಸರಿನಾಗ ಅವ. ಯಾವುದು ಯಾವುದಂತ ತಿಳೀವಲ್ದು."

ಸಂಜೆ ತೆರೆದು ನೋಡಿದರೆ ಖರೆ. ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು: ಶ್ರೀ ಗುರು ಬಸವಲಿಂಗಾಯ ನಮಃ. ಆ ಆ್ಯಪು ಕೈಬರಹದ ಮೊದಲ ಸಾಲನ್ನು ಓದಿ ಅದನ್ನೇ ಪಾಠದ ಹೆಸರಾಗಿ ಇಡುತ್ತಿತ್ತು. ನಮ್ಮ ಮನೆಯಲ್ಲೋ, ಕಿರಾಣಿ ಚೀಟಿ ಬರೆದರೂ ಮೊದಲು ಆ ಸಾಲು ಬರೆಯಬೇಕು. ಹುಡುಗಿಗೆ ಅಕ್ಷರ ತಿದ್ದಿಸಿದ ನಮ್ಮ ಅವ್ವ, ಅಂದರೆ ಅವಳ ಆಯಿ, ಅದನ್ನೇ ಮೊದಲು ಕಲಿಸಿದ್ದಳು.

"ನಾಳಿಂದ ಅದನ್ನ ಬರೀಬ್ಯಾಡ," ಎಂದೆ.

"ನಾ ಬರಿಯಾಕಿನೇ."

"ದೇವರು ಮನಸಿನಾಗ ಇದ್ರ ಸಾಲದೇನು?" ನನ್ನ ದನಿ ಏರಿತು.

ತೊಗರಿಬೇಳೆ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಕಲಿಸಿದಾಕಿ ನಾನು. ಬೈಯೂದಿದ್ರ ನನಗ ಬೈ."

ಹುಡುಗಿ ತಲೆ ತಗ್ಗಿಸಿ ಹೇಳಿದಳು: "ಅದು ಬರದ್ರ ಕೈ ನಡುಗೂದು ನಿಲ್ತದ ಮಾಮಾ. ಉತ್ತರ ಪತ್ರಿಕಿ ಮ್ಯಾಲೆ ದೇವರ ಹೆಸರು ಬರಿಯಂಗಿಲ್ಲ ಅಂತಾರ. ಹೋದ ಸಲ ಖಾಲಿ ಹಾಳಿ ನೋಡಿಕೋತ ಭಾಳ ಹೊತ್ತು ಕುಂತೆ. ಬರೋ ಲೆಕ್ಕನೂ ಮರತುಹೋದ್ವು."

ಲೆಕ್ಕ ತಲೆಗೆ ಹತ್ತಲಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ನನ್ನ ಸಿಟ್ಟು ಜರ್ರನೆ ಇಳಿಯಿತು.

ಆ ಆ್ಯಪಿನಲ್ಲಿ ಪುಟದ ಹಿನ್ನೆಲೆಗೆ ನಮಗೆ ಬೇಕಾದ ಚಿತ್ರ ಹಾಕಬಹುದಿತ್ತು. ಹಿನ್ನೆಲೆಯಲ್ಲಿರುವುದನ್ನು ಅದು ಓದುವುದಿಲ್ಲ. ಟ್ಯಾಬನ್ನು ಅವ್ವನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟೆ. "ಗಾಜಿನ ಮ್ಯಾಲೆ ಹ್ಯಾಂಗ ಬರೀಬೇಕೋ?" ಎನ್ನುತ್ತಲೇ ಸೆರಗಿನಿಂದ ಸಿಮೆಂಟಿನ ಧೂಳು ಒರೆಸಿದಳು, ಪೆನ್ನನ್ನು ಕಣ್ಣಿಗೊತ್ತಿಕೊಂಡಳು, ನಿಧಾನವಾಗಿ ಬರೆದಳು. ಸಾಲು ಸ್ವಲ್ಪ ಮೇಲಕ್ಕೆ ಹತ್ತಿತು. ತಿದ್ದುವುದು ಬೇಡವೆಂದು ಹಾಗೆಯೇ ಹಿನ್ನೆಲೆಗೆ ಹಾಕಿದೆವು.

ಅಂದಿನಿಂದ ಯಾವ ಪುಟ ತೆರೆದರೂ ಮೇಲೆ ಅವ್ವನ ಅಕ್ಷರ, ಕೆಳಗೆ ಹುಡುಗಿ ಬರೆದ ಪಾಠದ ಹೆಸರು. ಗಾಡಿಯಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಮೊಬೈಲು ಹಿಡಿದು ಓದುತ್ತಿದ್ದಳು.

ಪರೀಕ್ಷೆ ಹತ್ತಿರವಾದಂತೆ ಲ್ಯಾಪ್‌ಟಾಪಿನಲ್ಲಿ ಆ ಸಾಲು ತೆಳುವಾಗುತ್ತಿರುವುದು ಕಂಡಿತು. ಆ್ಯಪು ಕೆಟ್ಟಿತೆಂದು ಬೈಯಲು ಶುರುಮಾಡಿದೆ.

"ನಾನೇ ಮಸುಕು ಮಾಡಾಕತ್ತೀನಿ ಮಾಮಾ," ಎಂದಳು. "ಸಾಲು ಕಾಣದಿದ್ರೂ ಲೆಕ್ಕ ಬರಿಯೂದು ರೂಢಿ ಆಗಬೇಕಲ್ಲ." ಪರೀಕ್ಷೆಯ ಹಿಂದಿನ ದಿನ ಪುಟ ಬೆಳ್ಳಗೆ ಖಾಲಿಯಾಗಿತ್ತು. ಆದರೂ ಮೇಲೊಂದು ಸಾಲಿನ ಜಾಗ ಬಿಟ್ಟೇ ಲೆಕ್ಕ ಮಾಡಿದ್ದಳು.

ಪರೀಕ್ಷೆ ಮುಗಿಸಿ ಬರುವವಳನ್ನು ಕಾಯುತ್ತ ವಾಡಿ ಸ್ಟೇಷನ್ನಿನಲ್ಲಿ ನಿಂತಿದ್ದೆ. ಗಾಡಿ ಇಳಿದವಳ ಮುಖ ಅರಳಿತ್ತು.

"ಕೈ ನಡುಗಲಿಲ್ಲೇನು?"

"ಇಲ್ಲ. ಮ್ಯಾಲಿನ ಸಾಲು ಆಯಿಗಂತ ಬಿಟ್ಟು ಶುರು ಮಾಡಿದೆ. ಎಲ್ಲಾ ಲೆಕ್ಕ ಬರದೀನಿ."

ಫಲಿತಾಂಶಕ್ಕೆ ಇನ್ನೂ ಬಹಳ ದಿನವಿತ್ತು. ಮನೆಗೆ ಬಂದವಳು ಚಹಾ ಕುಡಿಯುವ ಮುಂಚೆಯೇ ಟ್ಯಾಬಿನಲ್ಲಿ ಹೊಸ ಪುಟ ತೆರೆದಳು. ಅವ್ವನ ಸಾಲನ್ನು ಮತ್ತೆ ದಟ್ಟ ಮಾಡಿ, ಅದರ ಕೆಳಗೆ ಮುಂದಿನ ಸೆಮಿಸ್ಟರಿನ ಗಣಿತ ಎಂದು ಬರೆದಳು.